ಗೀಸರ್ ಎಂಬ ಇಂಗ್ಲಿಷ್ ಪದ

ಬಕೆಟ್ಟಿನ ನೀರಿನಲ್ಲಿ ಕಾಯಿಲ್ ಇಟ್ಟು ಕಾಯಿಸುವಾಗ ಒಂದು ವಾಸನೆ ಬರುತ್ತದೆ. ತವರಕ್ಕೆ ಬಿಸಿ ತಗುಲಿದ ಹಾಗೆ, ಒದ್ದೆ ಗೋಡೆ ಆರುತ್ತಿರುವ ಹಾಗೆ. ಮೈಸೂರಿನಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ಮೆಲ್ಬರ್ನಿನ ಒಂದು ಮನೆಯ ಬಾಗಿಲು ತೆರೆದಾಗ ಆ ವಾಸನೆ ಮೂಗಿಗೆ ಬಡಿದೀತೆಂದು ನಾನು ಎಣಿಸಿರಲಿಲ್ಲ.

ಆ ವರ್ಷ ಎಲ್ಲೋ ದೂರದ ಘಟಕದಲ್ಲಿ ಅನಾಹುತವಾಗಿ ಮೆಲ್ಬರ್ನಿಗೆಲ್ಲ ಗ್ಯಾಸ್ ನಿಂತುಹೋಗಿತ್ತು. ಒಲೆಯಿಲ್ಲ, ಬಿಸಿನೀರಿಲ್ಲ. ನಾವು ಆಗಲೇ ಸಿಡ್ನಿಯ ಟೂಂಗಾಬಿಯಲ್ಲಿ ನೆಲೆಸಿದ್ದೆವು. ಪರಿಚಯದವರ ಮಗುವಿನ ನಾಮಕರಣಕ್ಕೆಂದು ನಾನೊಬ್ಬಳೇ ಮೆಲ್ಬರ್ನಿಗೆ ಬಂದಿದ್ದೆ. ಅಲ್ಲಿ ಮಗುವಿನ ಹೆಸರಿಗಿಂತ ದೊಡ್ಡವರ ಸ್ನಾನದ ಮಾತೇ ಹೆಚ್ಚಾಗಿತ್ತು. ಹಂಡೆ ನೀರು ಮಿಂದು ಬೆಳೆದ ನಮ್ಮ ಡಾಕ್ಟರು, ಎಂಜಿನಿಯರುಗಳೇ ಈಗ ತಣ್ಣೀರು ಕಂಡು, ‘ಇದೆಂಥ ಅನ್ಯಾಯ ಆಂಟಿ, ಹೀಗೆ ಹೇಗೆ ಬದುಕೋದು’ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಊಟ ಮುಗಿಸಿ, ಕೆಲಸವಿದೆಯೆಂದು ನೆಪ ಹೇಳಿ, ಮೆಲ್ಬರ್ನಿನದೇ ಬಡಾವಣೆ ಕಾರ್ನೆಗಿಯ ಟ್ರೈನ್ ಹತ್ತಿದೆ. ಅಲ್ಲಿ ತಮಾರಾ ಬೋರಿಸೊವ್ನಾ ಇದ್ದರು. ಬಾಗಿಲು ತೆರೆದವರು ಅವರೇ, ವಾಸನೆ ಬಂದದ್ದು ಅವರ ಬಚ್ಚಲಿನಿಂದ.

ಅವರನ್ನು ನಾನು ಮೊದಲು ಕಂಡದ್ದು ಅದಕ್ಕೂ ಆರೇಳು ವರ್ಷ ಹಿಂದೆ, ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲಿನ ಮೊದಲ ಚಳಿಗಾಲದಲ್ಲಿ. ನಾವು ಆಗ ಕಾರ್ನೆಗಿಯಲ್ಲೇ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಡ್ರಾಯಿಂಗ್ ಮಾಡುತ್ತಿದ್ದ ನಮ್ಮವರ ಕೆಲಸ ಹೋಗಿತ್ತು. ದೇಶಕ್ಕೆ ದೇಶವೇ ರಿಸೆಷನ್ ಎಂದು ತಲೆ ಮೇಲೆ ಕೈ ಹೊತ್ತ ಕಾಲ. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನನಗೆ ಇಲ್ಲಿ ಹೊಸದಾಗಿ ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತ್ತು. ಟರ್ಮಿನಿಂದ ಟರ್ಮಿಗೆ ಮುಂದುವರಿಸುವ ಕ್ಯಾಶುಯಲ್ ಕೆಲಸ. ಮನೆಯ ರೆಂಟು, ಅಕ್ಕಿ, ಬೇಳೆ ಎಲ್ಲವೂ ಅದರ ಮೇಲೆಯೇ ನಿಂತಿದ್ದವು.

ಕ್ಲಾಸು ನಡೆಯುತ್ತಿದ್ದದ್ದು ಒಂದು ಚರ್ಚಿನ ಹಿಂದಿನ ಹಾಲಿನಲ್ಲಿ. ಎತ್ತರದ ಛಾವಣಿ, ಗೋಡೆಗೆ ಒಂದೇ ಒಂದು ಗ್ಯಾಸ್ ಹೀಟರ್. ಅದರ ಮುಂದೆ ನಿಂತರೆ ಸೀರೆ ಸುಡುತ್ತಿತ್ತು, ಎರಡು ಹೆಜ್ಜೆ ಸರಿದರೆ ಬೆರಳು ಮರಗಟ್ಟುತ್ತಿತ್ತು. ನನ್ನ ವಿದ್ಯಾರ್ಥಿಗಳೆಲ್ಲ ರಷ್ಯನ್ನರು. ರಷ್ಯದವರಿಗೆ ಮೆಲ್ಬರ್ನಿನ ಚಳಿ ಯಾವ ಲೆಕ್ಕ ಎಂದುಕೊಂಡಿದ್ದೆ. ಅವರೆಲ್ಲ ಕೋಟು ಬಿಚ್ಚದೆ ಕೂತು ಗಡಗಡ ನಡುಗುತ್ತಿದ್ದರು.

‘ನಮ್ಮ ದೇಶದಲ್ಲಿ ಚಳಿ ಇರೋದು ಬೀದಿಯಲ್ಲಿ. ಇಲ್ಲಿ ಚಳಿಯನ್ನ ಮನೆಯೊಳಗೆ ಸಾಕಿಕೊಂಡಿದಾರೆ’ ಎಂದ ಯೂರಿ. ಅವನು ಊರಿನಲ್ಲಿ ಟ್ರಾಲಿ ಬಸ್ ಓಡಿಸುತ್ತಿದ್ದವನು, ಕ್ಲಾಸಿನ ತಮಾಷೆಯ ಮನುಷ್ಯ. ಅವನ ಮುರುಕು ಇಂಗ್ಲಿಷನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಅಲ್ಲಿ ಊರಿಗೆಲ್ಲ ಒಂದೇ ಕಡೆ ನೀರು ಕಾಯಿಸಿ ಕೊಳವೆಯಲ್ಲಿ ಮನೆಮನೆಗೆ ಹರಿಸುತ್ತಾರಂತೆ. ಹೊರಗೆ ಹಿಮ ಸುರಿಯುತ್ತಿದ್ದರೆ ಒಳಗೆ ಬನಿಯನ್ ಹಾಕಿಕೊಂಡು, ಸೆಖೆ ತಾಳಲಾರದೆ ಕಿಟಕಿಯ ಮೂಲೆಯ ಪುಟ್ಟ ಬಾಗಿಲು ತೆರೆದಿಡುವುದಂತೆ. ಬೇಸಿಗೆಯಲ್ಲಿ ಮಾತ್ರ ಕೊಳವೆ ರಿಪೇರಿಗೆಂದು ವಾರಗಟ್ಟಲೆ ಬಿಸಿನೀರು ನಿಲ್ಲಿಸುತ್ತಾರೆ. ಆಗ ಬಕೆಟ್ಟು, ಕಾಯಿಲ್, ಚೊಂಬು.

ಚೊಂಬು ಎಂದಾಗ ಅವನು ಕೈಯಲ್ಲಿ ಮೊಗೆದು ತಲೆಗೆ ಹುಯ್ದುಕೊಂಡು ತೋರಿಸಿದ. ನಾನು ಸಣ್ಣವಳಿದ್ದಾಗ ನೋಟ್‌ಬುಕ್ಕುಗಳಿಗೆ ರಟ್ಟು ಹಾಕುತ್ತಿದ್ದದ್ದು ಸೋವಿಯತ್ ದೇಶದಿಂದ ಬರುತ್ತಿದ್ದ ನುಣುಪು ಕಾಗದದ ಪತ್ರಿಕೆಯಿಂದ. ಟ್ರ್ಯಾಕ್ಟರ್ ಮೇಲೆ ಕೂತು ನಗುವ ಕೆಂಪು ಕೆನ್ನೆಯ ಹುಡುಗಿ ನನ್ನ ಗಣಿತದ ಪುಸ್ತಕದ ಮೇಲೆ ಇಡೀ ವರ್ಷ ಇದ್ದಳು. ಆ ದೇಶದಲ್ಲಿ ಎಲ್ಲರೂ ಹಾಗೇ ನಗುತ್ತಿರುತ್ತಾರೆಂದು ನಂಬಿದ್ದೆ. ಚೊಂಬಿನಲ್ಲಿ ಮೀಯುವವರು ಅಲ್ಲೂ ಇದ್ದಾರೆಂದು ಪತ್ರಿಕೆಯವರು ಹೇಳಿರಲಿಲ್ಲ. ಯೂರಿಗೆ ಹುಡುಗಿಯ ವಿಷಯ ಹೇಳಿದಾಗ, ‘ಅವಳನ್ನ ನಾನೂ ಹುಡುಕಿದೆ, ಸಿಗಲಿಲ್ಲ’ ಎಂದ.

ಇನ್ನು ತಮಾರಾ ಬೋರಿಸೊವ್ನಾ. ಅರವತ್ತು ದಾಟಿದ್ದ ಗಟ್ಟಿ ಹೆಂಗಸು, ವೋಲ್ಗಾ ದಡದ ಸರಾತೊವ್ ಊರಿನ ಕೋಟು ಹೊಲಿಯುವ ಫ್ಯಾಕ್ಟರಿಯಲ್ಲಿ ದುಡಿದವರು. ಮೊದಲ ದಿನವೇ ನನ್ನ ಅಪ್ಪನ ಹೆಸರು ಕೇಳಿದರು. ಶ್ರೀನಿವಾಸ ಎಂದೆ. ‘ಹಾಗಾದರೆ ನೀವು ವಿಮಲಾ ಶ್ರೀನಿವಾಸೊವ್ನಾ’ ಎಂದು ತೀರ್ಮಾನಿಸಿಬಿಟ್ಟರು. ಅವರಲ್ಲಿ ಗೌರವ ಕೊಡಬೇಕಾದವರನ್ನು ಅಪ್ಪನ ಹೆಸರು ಸೇರಿಸಿ ಕರೆಯುವುದಂತೆ. ನಮ್ಮ ಇನಿಷಿಯಲ್ಲೇ ಹಿಂದಿನಿಂದ ಬಂದು ಕೂತ ಹಾಗಾಯಿತು. ನಮ್ಮ ಸೆಂಟರನ್ನು ನೋಡಿಕೊಳ್ಳುತ್ತಿದ್ದ ಜೂಡಿ ನನ್ನನ್ನು ‘ವಿಮ್’ ಎಂದು ಕರೆಯುತ್ತಿದ್ದಳು, ಪಾತ್ರೆ ತೊಳೆಯುವ ಪುಡಿ ನೆನಪಾಗುತ್ತಿತ್ತು. ಎರಡರಲ್ಲಿ ಯಾವ ಹೆಸರಿಗೆ ನಾನು ತಲೆ ಎತ್ತಿ ನಿಂತೆನೆಂದು ಹೇಳಬೇಕಾಗಿಲ್ಲ.

ಜೂಡಿ ಕೆಟ್ಟವಳಲ್ಲ. ಕರುಣೆ ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ. ಒಂದು ದಿನ ಚಿತ್ರದ ಕಾರ್ಡುಗಳ ಕಟ್ಟು ತಂದುಕೊಟ್ಟಳು. ಫ್ರಿಜ್, ವಾಷಿಂಗ್ ಮಷೀನ್, ಫೋನ್, ಟಿವಿ. ‘ಬರೀ ಹೆಸರು ಹೇಳಿದರೆ ಸಾಲದು ವಿಮ್. ಯಾವುದು ಏತಕ್ಕೆ ಅಂತ ನಿಧಾನವಾಗಿ ವಿವರಿಸು. ಪಾಪ, ಅಲ್ಲಿ ಇದನ್ನೆಲ್ಲ ನೋಡಿರೋಲ್ಲ’ ಎಂದಳು. ನಾನು ಫ್ರಿಜ್ಜಿನ ಕಾರ್ಡು ಎತ್ತಿಹಿಡಿದು, ಹೇಳಿಕೊಟ್ಟ ಹಾಗೆ, ‘ಇದು ಫ್ರಿಜ್. ಇದರಲ್ಲಿ ಹಾಲು ತಣ್ಣಗಿರುತ್ತದೆ’ ಎಂದೆ. ಕ್ಲಾಸು ನನ್ನನ್ನೇ ನೋಡಿತು. ಆಮೇಲೆ ತಮಾರಾ ಬೋರಿಸೊವ್ನಾ ಕೇಳಿದರು, ‘ವಿಮಲಾ ಶ್ರೀನಿವಾಸೊವ್ನಾ, ಭಾರತದಲ್ಲಿ ಫ್ರಿಜ್ ಇಲ್ಲವಾ?’

ಇದೆ ಎಂದೆ. ‘ನಮ್ಮಲ್ಲೂ ಇದೆ’ ಎಂದರು. ಅಲ್ಲಿಗೆ ಕಾರ್ಡುಗಳನ್ನು ಬ್ಯಾಗಿಗೆ ಹಾಕಿ, ನಿಮ್ಮ ಮನೆಯಲ್ಲಿ ಏನೇನಿತ್ತು ನೀವೇ ಹೇಳಿ ಎಂದೆ. ಅವತ್ತು ಕ್ಲಾಸು ಮುಗಿಯುವ ಹೊತ್ತಿಗೆ ಯಾರಿಗೂ ಏಳುವ ಮನಸ್ಸಿರಲಿಲ್ಲ. ಯೂರಿಯ ಮನೆಯ ಫ್ರಿಜ್ ಅವನ ಮದುವೆಗೂ ಮೊದಲಿನದು, ಗುರ್ರೆನ್ನುತ್ತಿತ್ತಂತೆ, ಮಗ್ಗುಲಿಗೊಂದು ಒದೆ ಕೊಟ್ಟರೆ ಸುಮ್ಮನಾಗುತ್ತಿತ್ತಂತೆ. ತಮಾರಾ ಅವರದು ಡ್ರಮ್ಮಿನಂಥ ಗುಂಡನೆಯ ವಾಷಿಂಗ್ ಮಷೀನು. ಮೇಲೆ ಎರಡು ರಬ್ಬರ್ ರೋಲರ್, ನಡುವೆ ಬಟ್ಟೆ ತೂರಿಸಿ ಹಿಡಿ ತಿರುಗಿಸಿದರೆ ನೀರು ಹಿಂಡಿಹೋಗುತ್ತಿತ್ತು. ಅಡಿಗೆಮನೆಯ ಗೋಡೆಗೆ ಒಂದು ರೇಡಿಯೊ, ಅದಕ್ಕೆ ಒಂದೇ ತಿರುಪು. ಸದ್ದು ಜಾಸ್ತಿ ಕಮ್ಮಿ ಮಾಡಬಹುದು, ಸ್ಟೇಷನ್ ಬದಲಾಯಿಸುವಂತಿಲ್ಲ. ಚಳಿಗಾಲದಲ್ಲಿ ಬೆಣ್ಣೆ, ಮಾಂಸ ಎಲ್ಲ ಬಲೆ ಚೀಲದಲ್ಲಿ ಕಿಟಕಿಯಾಚೆ ತೂಗುಬಿಡುವುದು. ಫೋನಿಗೆ ಅರ್ಜಿ ಹಾಕಿ ಮಕ್ಕಳು ಬೆಳೆದು ದೊಡ್ಡವರಾದರಂತೆ. ಅದನ್ನು ಕೇಳಿ ನಾನು, ‘ನಮ್ಮಲ್ಲೂ, ನಮ್ಮಲ್ಲೂ’ ಎಂದು ಮೇಜು ಕುಟ್ಟಿದೆ.

ಅಂಥ ಉತ್ಸಾಹದಲ್ಲಿ ನನ್ನ ಇಂಗ್ಲಿಷು ಮೈಸೂರಿನದಾಗಿ ಹರಿಯಿತು. ಬಿಸಿನೀರಿನ ಯಂತ್ರಕ್ಕೆ ಗೀಸರ್ ಎಂದೆ. ಬೋರ್ಡಿನ ಮೇಲೆ ಬರೆದೆ. ತಮಾರಾ ಬೋರಿಸೊವ್ನಾ ಬೆರಗಾದರು. ಅವರ ಭಾಷೆಯಲ್ಲಿ ಆ ಪದವೆಂದರೆ ನೆಲದೊಳಗಿಂದ ಚಿಮ್ಮುವ ಬಿಸಿನೀರಿನ ಬುಗ್ಗೆ, ಅವರ ದೇಶದ ಪೂರ್ವದ ತುದಿಯಲ್ಲಿ ಅಂಥವು ಇವೆಯಂತೆ. ‘ನಿಮ್ಮ ಬಚ್ಚಲಿನಲ್ಲೇ ಇದೆಯಾ’ ಎಂದು ಕೇಳಿದರು. ಇದೆ, ಗೋಡೆಗೆ ನೇತುಹಾಕಿರುತ್ತೇವೆ ಎಂದೆ. ಅವರಿಗೆ ಆ ಪದ ಎಷ್ಟು ಹಿಡಿಸಿತೆಂದರೆ ಮರುದಿನದಿಂದ ಅದಿಲ್ಲದ ವಾಕ್ಯವನ್ನೇ ಅವರು ಆಡಲಿಲ್ಲ. ಇಲ್ಲಿಯವರು ಅದಕ್ಕೆ ಹಾಟ್ ವಾಟರ್ ಸರ್ವಿಸ್ ಎನ್ನುತ್ತಾರೆ. ಸರ್ವಿಸ್ ಎಂದರೆ ನಮಗೆ ಬಸ್ ಸರ್ವಿಸ್, ಹೆಚ್ಚೆಂದರೆ ಹೋಟೆಲಿನ ಸೆಲ್ಫ್ ಸರ್ವಿಸ್. ಬಚ್ಚಲಿನಲ್ಲಿ ಎಂಥ ಸರ್ವಿಸ್?

ಟರ್ಮಿನ ನಡುವೆ ಜೂಡಿ ಕ್ಲಾಸು ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತಳು. ನಿಮ್ಮ ಬಾತ್‌ರೂಮಿನಲ್ಲಿ ಏನಿದೆ ಎಂದು ನಾನು ಕೇಳಿದೆ. ತಮಾರಾ ಬೋರಿಸೊವ್ನಾ ಎದ್ದು ನಿಂತರು.

‘ಇನ್ ಮೈ ಬಾತ್‌ರೂಮ್ ಈಸ್ ಒನ್ ಓಲ್ಡ್ ಗೀಸರ್. ಹಿ ಈಸ್ ವೆರಿ ಸ್ಲೋ. ಎವ್ರಿ ಮಾರ್ನಿಂಗ್ ಐ ವೇಟ್ ಫಾರ್ ಹಿಮ್.’

ರಷ್ಯನ್ನಿನಲ್ಲಿ ಗೀಸರ್ ಪುಲ್ಲಿಂಗ, ಹಾಗಾಗಿ ‘ಹಿ’. ಇಲ್ಲಿಯ ಆಡುಮಾತಿನಲ್ಲೋ, ನಾವು ಗೀಸರ್ ಎಂದು ಉಚ್ಚರಿಸುವ ಸದ್ದಿಗೆ ಮುದಿಯ ಎಂದು ಅರ್ಥ. ನನ್ನ ಬಚ್ಚಲಿನಲ್ಲೊಬ್ಬ ಮುದುಕನಿದ್ದಾನೆ, ಬಹಳ ನಿಧಾನ, ದಿನಾ ಬೆಳಿಗ್ಗೆ ಅವನಿಗಾಗಿ ಕಾಯುತ್ತೇನೆ ಎಂದು ಆ ಗೌರವಸ್ಥೆ ತುಂಬಿದ ಸಭೆಯಲ್ಲಿ ಹೇಳಿದ ಹಾಗಾಯಿತು. ಜೂಡಿಯ ಮುಖ ಕೆಂಪಾಯಿತು. ನಗು ತಡೆದುಕೊಂಡದ್ದೋ ಸಿಟ್ಟೋ ತಿಳಿಯಲಿಲ್ಲ. ಯೂರಿ ಅಷ್ಟಕ್ಕೆ ನಿಲ್ಲಿಸದೆ, ತನ್ನ ಮನೆಯಲ್ಲಿ ನಿನ್ನೆ ‘ಕರೆಂಟ್ ಹ್ಯಾಸ್ ಗಾನ್’ ಎಂದೂ, ಹೆಂಡತಿಗೆ ‘ಮಿಕ್ಸಿ’ ಬೇಕೆಂದೂ ಸೇರಿಸಿದ.

ಕ್ಲಾಸು ಬಿಟ್ಟ ಮೇಲೆ ಜೂಡಿ ನನ್ನನ್ನು ಪಕ್ಕಕ್ಕೆ ಕರೆದಳು. ನಾನು ಡಿಕ್ಷನರಿ ತೆಗೆದು ತೋರಿಸಿದೆ. ಗೀಸರ್, ನೀರು ಕಾಯಿಸುವ ಯಂತ್ರ. ಅಚ್ಚಾಗಿತ್ತು. ಮಿಕ್ಸಿ ನಮ್ಮದೇ ಸ್ವಂತ ಸೃಷ್ಟಿ, ಅದನ್ನು ಬಿಟ್ಟುಕೊಟ್ಟೆ. ಗೀಸರನ್ನು ಮಾತ್ರ ಬಿಡಲು ತಯಾರಿರಲಿಲ್ಲ.

‘ಡಿಕ್ಷನರಿಯಲ್ಲಿರಬಹುದು ವಿಮ್. ಇಲ್ಲಿ ಯಾರೂ ಹಾಗನ್ನೋದಿಲ್ಲ.’

‘ಇನ್ನುಮೇಲೆ ಅಂತಾರೆ’ ಎಂದೆ.

ಅವಳು ನಗಲಿಲ್ಲ. ಟರ್ಮಿನ ಕೊನೆಗೆ ಓಪನ್ ಡೇ ಇತ್ತು. ಸೆಂಟರಿಗೆ ನೆರವು ಕೊಡುವವರು, ಕೌನ್ಸಿಲಿನವರು ಬರುತ್ತಾರೆ, ಒಬ್ಬ ವಿದ್ಯಾರ್ಥಿ ಮಾತಾಡಬೇಕು. ತಮಾರಾ ಮಾತಾಡಲಿ, ನೋಡಲು ಒಳ್ಳೆ ಅಜ್ಜಿಯ ಹಾಗಿದ್ದಾರೆ ಎಂದು ಜೂಡಿ ನಾಲ್ಕು ಸಾಲು ಬರೆದುಕೊಟ್ಟಳು. ‘ನನ್ನ ದೇಶದಲ್ಲಿ ನನಗೆ ವಾಷಿಂಗ್ ಮಷೀನ್ ಇರಲಿಲ್ಲ. ನನ್ನ ದೇಶದಲ್ಲಿ ಮನೆ ತಣ್ಣಗಿರುತ್ತಿತ್ತು. ಇಲ್ಲಿ ಎಲ್ಲವೂ ಇದೆ. ಥ್ಯಾಂಕ್ ಯೂ ಆಸ್ಟ್ರೇಲಿಯಾ.’ ಇದನ್ನು ಸರಿಯಾದ ಉಚ್ಚಾರಣೆಯಲ್ಲಿ ಹೇಳಿಸಿದರೆ ಮುಂದಿನ ಟರ್ಮಿನ ಕ್ಲಾಸು ನನ್ನದು, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮೆತ್ತಗೆ, ಬಿಸ್ಕತ್ತು ಮುಂದೆ ಚಾಚುತ್ತಾ ಹೇಳಿದಳು.

ನಮ್ಮವರು ಆ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಕೆಲಸ ಹೋದ ಮೇಲೆ ಅಡಿಗೆ ಅವರ ಪಾಲಿಗೆ ಬಂದಿತ್ತು.

‘ನಾಲ್ಕು ಸಾಲು ತಾನೆ, ಹೇಳಿಸಿಬಿಡು ವಿಮಲಾ. ಯಾರ ಗಂಟು ಹೋಗತ್ತೆ? ರೆಂಟ್ ಕಟ್ಬೇಕಲ್ಲ ನಾವು.’

‘ಅವರ ಗಂಟು ಹೋಗತ್ತೆ ರೀ. ಮೊನ್ನೆ ಇಂಟರ್‌ವ್ಯೂನಲ್ಲಿ ನಿಮ್ಮನ್ನ ಏನು ಕೇಳಿದ್ರು? ಇಂಡಿಯಾದಲ್ಲಿ ಡ್ರಾಯಿಂಗ್ ಬೋರ್ಡ್ ಇರತ್ತಾ ಅಂತ. ಇಲ್ಲ ಸಾರ್, ಮರಳಿನ ಮೇಲೆ ಗೀಚ್ತಿದ್ವಿ, ಇಲ್ಲಿಗೆ ಬಂದು ಉದ್ಧಾರ ಆದೆ ಅಂದಿದ್ರೆ ಕೆಲಸ ಕೊಡ್ತಿದ್ರೋ ಏನೋ. ಯಾಕೆ ಅನ್ಲಿಲ್ಲ?’

ಅವರು ಬಹಳ ಹೊತ್ತು ಸೌಟು ತಿರುಗಿಸಿದರು. ಸಾಸಿವೆ ಸೀದುಹೋಯಿತು.

‘ಸರಿ ಕಣೆ. ನಿಂಗೆ ತೋಚಿದ್ದು ಮಾಡು. ಸಿಡ್ನಿ ಕಡೆಗೂ ಎರಡು ಅಪ್ಲಿಕೇಷನ್ ಹಾಕಿದೀನಿ, ನೋಡೋಣ.’

ಮರುದಿನ ಆ ಕಾಗದವನ್ನು ತಮಾರಾ ಬೋರಿಸೊವ್ನಾ ಅವರ ಕೈಗಿಟ್ಟೆ. ಕನ್ನಡಕ ಹಾಕಿ ಓದಿದರು, ಮತ್ತೆ ಓದಿದರು. ‘ಇದನ್ನ ಹೇಳಿದರೆ ನಿಮ್ಮ ಕೆಲಸ ಉಳಿಯುತ್ತದಾ’ ಎಂದು ಕೇಳಿದರು. ಯಾರು ಹೇಳಿದ್ದರೋ, ಅವರಿಗೆ ಆಗಲೇ ಗೊತ್ತಿತ್ತು. ಹೌದೆಂದರೆ ಅವರು ಹೇಳಿಬಿಡುತ್ತಿದ್ದರು, ನನಗಾಗಿ ನುಂಗಿಕೊಂಡು ಹೇಳುತ್ತಿದ್ದರು, ಅದು ನನಗೆ ಖಚಿತವಾಗಿ ತಿಳಿದಿತ್ತು.

‘ನನ್ನ ಕೆಲಸದ ಚಿಂತೆ ನಿಮಗೆ ಬೇಡ. ನಿಮಗೇನು ಅನ್ನಿಸುತ್ತೋ ಅದನ್ನ ಹೇಳಿ. ಭೂತಕಾಲದ ಕ್ರಿಯಾಪದ ಮಾತ್ರ ಸರಿಯಾಗಿರಲಿ’ ಎಂದೆ.

ಓಪನ್ ಡೇ ದಿನ ಹಾಲಿಗೆ ಬಲೂನು ಕಟ್ಟಿದ್ದರು. ಒಳಗೆ ಅದೇ ಚಳಿ. ಬಂದವರು ಕೋಟು ಬಿಚ್ಚದೆ ಕೂತದ್ದನ್ನು ಕಂಡು ಯೂರಿ ನನಗೆ ಕಣ್ಣು ಹೊಡೆದ. ತಮಾರಾ ಬೋರಿಸೊವ್ನಾ ತಾವೇ ಹೊಲಿದ ಕಂದು ಕೋಟು ತೊಟ್ಟು, ಜೂಡಿಯ ಕಾಗದವನ್ನು ಮಡಿಸಿ ಜೇಬಿಗಿಟ್ಟು ಎದ್ದರು. ಅವರ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ.

‘ನನ್ನ ಹೆಸರು ತಮಾರಾ. ನನ್ನ ಮನೆಯಲ್ಲಿ ಫ್ರಿಜ್ ಇತ್ತು. ವಾಷಿಂಗ್ ಮಷೀನ್ ಇತ್ತು, ಗುಂಡಗೆ. ಟಿವಿ ಇತ್ತು, ಅದರಲ್ಲಿ ಸುಳ್ಳು ಹೇಳುತ್ತಿದ್ದರು, ನಾವು ನೋಡುತ್ತಿದ್ದೆವು, ನಂಬುತ್ತಿರಲಿಲ್ಲ. ಬೂಟಿಗೆ ಕ್ಯೂ ನಿಂತಿದ್ದೇನೆ. ಸಕ್ಕರೆಗೆ ನಿಂತಿದ್ದೇನೆ. ಕಾಲು ಈಗಲೂ ನೋಯುತ್ತದೆ. ನನ್ನ ದೇಶದ ಮೇಲೆ ನನಗೆ ಸಿಟ್ಟಿದೆ. ಅದು ನನ್ನ ಸಿಟ್ಟು, ನಾನು ಬಯ್ಯುತ್ತೇನೆ, ನೀವು ಬರೆದುಕೊಡಬೇಡಿ. ಇಲ್ಲಿ ಕೆಳಗಿನ ಮನೆಯ ಕೆನ್ ಒಳ್ಳೆಯವನು. ಲೈಟಿನ ಸ್ವಿಚ್ ಹೇಗೆ ಹಾಕುವುದೆಂದು ನನಗೆ ತೋರಿಸಿಕೊಟ್ಟ. ನಾನು ಥ್ಯಾಂಕ್ ಯೂ ಹೇಳಿದೆ. ಆಸ್ಟ್ರೇಲಿಯಾದಲ್ಲಿ ಆಕಾಶ ಚೆನ್ನಾಗಿದೆ, ಪೊಲೀಸರು ನಗುತ್ತಾರೆ. ಮನೆ ಮಾತ್ರ ಬಹಳ ತಣ್ಣಗೆ. ಗೀಸರ್ ಬಹಳ ಮುದಿ.’

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಬ್ಬಿತು. ತಮಾರಾ ಬೋರಿಸೊವ್ನಾ ಕೈ ಕಟ್ಟಿಕೊಂಡು, ಮಕ್ಕಳ ಗಲಾಟೆ ನಿಲ್ಲಲೆಂದು ಕಾಯುವ ಮೇಷ್ಟರ ಹಾಗೆ ಕಾದರು. ಅದು ನಿಂತ ಮೇಲೆ ಹೇಳಿದರು, ‘ಇದು ಇಂಗ್ಲಿಷ್ ಪದ. ನನ್ನ ಟೀಚರ್ ವಿಮಲಾ ಶ್ರೀನಿವಾಸೊವ್ನಾ ಕಲಿಸಿದ್ದು. ನಿಮಗೆ ಗೊತ್ತಿಲ್ಲದಿದ್ದರೆ ಅವರ ಕ್ಲಾಸಿಗೆ ಬನ್ನಿ.’

ಯೂರಿ ಎದ್ದು ಚಪ್ಪಾಳೆ ತಟ್ಟಿದ. ಕ್ಲಾಸು ಎದ್ದಿತು. ಬಂದವರಲ್ಲಿ ಕೆಲವರು, ಏನಾಯಿತೆಂದು ತಿಳಿಯದೆಯೇ, ಎದ್ದರು. ನಾನು ಅಳುತ್ತಿದ್ದೆ. ಅಳು ಬಂದದ್ದು ಕೆಲಸ ಹೋಗುತ್ತದೆಂದಲ್ಲ, ಅಷ್ಟು ಜನರ ಮುಂದೆ ನನ್ನ ಅಪ್ಪನ ಹೆಸರು ಅಷ್ಟು ಗಟ್ಟಿಯಾಗಿ ಕೇಳಿಸಿದ್ದಕ್ಕೆ.

ಕೆಲಸ ಹೋಯಿತು. ಮುಂದಿನ ಟರ್ಮಿಗೆ ಬೇರೆ ವ್ಯವಸ್ಥೆಯಾಗಿದೆ ಎಂದು ಜೂಡಿ ಫೋನಿನಲ್ಲಿ ಹೇಳಿದಳು, ದನಿಯಲ್ಲಿ ಬೇಸರವೂ ಇತ್ತು. ಹೊಸ ಟರ್ಮು ಶುರುವಾದ ದಿನ ಬೆಳಿಗ್ಗೆ ನಮ್ಮ ಬಾಗಿಲು ಬಡಿಯಿತು. ತೆರೆದರೆ ಮೆಟ್ಟಿಲ ತುಂಬ ರಷ್ಯನ್ನರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕುರ್ಚಿ. ನಮ್ಮ ಮನೆಯಲ್ಲಿ ಅಷ್ಟು ಕುರ್ಚಿಗಳಿರಲಾರವೆಂದು ಅವರೇ ಊಹಿಸಿದ್ದರು. ಚಪ್ಪಲಿ, ಬೂಟು ಬಾಗಿಲಲ್ಲೇ ಬಿಟ್ಟರು. ಅದನ್ನು ಅವರಿಗೆ ನಾವು ಕಲಿಸಬೇಕಾಗಿರಲಿಲ್ಲ, ಅವರೂ ಹಾಗೇ. ನಮ್ಮವರು ಉಪ್ಪಿಟ್ಟು ಮಾಡಿದರು. ಯೂರಿ ಅದನ್ನು ತಿಂದು, ನಮ್ಮ ಗಂಜಿ ಇದಕ್ಕಿಂತ ತೆಳ್ಳಗೆ ಎಂದ. ಸಿಡ್ನಿಯಲ್ಲಿ ನಮ್ಮವರಿಗೆ ಕೆಲಸ ಸಿಗುವವರೆಗೆ, ಆ ಚಳಿಗಾಲ ಕಳೆದು ಬೀದಿಯ ಮರಗಳು ಚಿಗುರುವವರೆಗೆ, ನಮ್ಮ ಎರಡು ಕೋಣೆಯಲ್ಲಿ ಗೀಸರ್, ಕರೆಂಟು, ಮಿಕ್ಸಿ, ಐರನ್ ಬಾಕ್ಸ್ ಎಂದು ಧಾರಾಳವಾಗಿ ಇಂಗ್ಲಿಷ್ ನಡೆಯಿತು. ಅವರಿಂದ ನಾವು ಹಣ ಮಾತ್ರ ತೆಗೆದುಕೊಳ್ಳಲಿಲ್ಲ, ಅವರು ತಂದುಕೊಟ್ಟ ಉಪ್ಪುಸೌತೆಯ ಜಾಡಿಗಳನ್ನು ಬೇಡವೆನ್ನಲಿಲ್ಲ.

ಗ್ಯಾಸ್ ನಿಂತ ಆ ವರ್ಷ ಅವರ ಮನೆಯ ಬಾಗಿಲಲ್ಲಿ ನಿಂತು ನಾನು ಮೂಸಿದ್ದು ಇದನ್ನೆಲ್ಲ. ತಮಾರಾ ಬೋರಿಸೊವ್ನಾ ಮೂರು ಸಲ ಕೆನ್ನೆಗೆ ಮುತ್ತಿಟ್ಟು ಒಳಗೆ ಎಳೆದುಕೊಂಡರು. ಮುದಿಯಾಗಿದ್ದರು, ಇಂಗ್ಲಿಷು ಓಡುತ್ತಿತ್ತು. ಬಚ್ಚಲಿನಲ್ಲಿ ಸಾಲಾಗಿ ಬಕೆಟ್ಟುಗಳು, ಒಂದರಲ್ಲಿ ಸರಾತೊವ್‌ನಿಂದ ತಂದ ಕಾಯಿಲ್. ಪ್ಲಗ್ ಬದಲಾಯಿಸಿಕೊಟ್ಟದ್ದು ಯೂರಿ. ಇಡೀ ಕಟ್ಟಡದವರು ಸರದಿಯಲ್ಲಿ ಬಂದು ಬಿಸಿನೀರು ಒಯ್ಯುತ್ತಿದ್ದಾರೆ ಎಂದರು. ‘ಮೊದಲ ದಿನ ಎಲ್ಲರೂ ಅತ್ತರು. ಗ್ಯಾಸಿಲ್ಲ, ಸ್ನಾನವಿಲ್ಲ, ನಾವು ಹೇಗೆ ಬದುಕುವುದು ಅಂತ. ನಾನು ಅಂದೆ, ಬನ್ನಿ, ಕಲಿಸುತ್ತೇನೆ.’

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಖಾಲಿ ಬಕೆಟ್ಟು, ಅದರೊಳಗೊಂದು ಪ್ಲಾಸ್ಟಿಕ್ ಚೊಂಬು ಹಿಡಿದು ಬಿಳಿ ಮೀಸೆಯ ಮುದುಕನೊಬ್ಬ ನಿಂತಿದ್ದ. ಕೆಳಗಿನ ಮನೆಯ ಕೆನ್, ಸ್ವಿಚ್ ಹಾಕುವುದು ಕಲಿಸಿಕೊಟ್ಟವನು.

‘ತಮಾರಾ, ಗೀಸರ್ ರೆಡಿಯಾ?’ ಎಂದ.

ಅದೇ ಉಚ್ಚಾರಣೆ. ಮೈಸೂರಿನದು. ನಾನು ತಡೆಯಲಾರದೆ, ಅದನ್ನ ಏನಂದ್ರಿ ಎಂದು ಕೇಳಿದೆ.

‘ಗೀಸರ್. ಅದರ ಸರಿಯಾದ ಹೆಸರೇ ಅದಲ್ಲವಾ? ಇವಳ ಟೀಚರ್ ಕಲಿಸಿದ್ದಂತೆ, ನಾವೆಲ್ಲ ಇಷ್ಟು ದಿನ ತಪ್ಪು ಹೇಳುತ್ತಿದ್ದೆವಂತೆ.’

ತಮಾರಾ ಬೋರಿಸೊವ್ನಾ ಅವನ ಬಕೆಟ್ಟಿಗೆ ಬಿಸಿನೀರು ಮೊಗೆದು ಸುರಿಯುತ್ತಾ, ತಲೆ ಎತ್ತದೆಯೇ ಹೇಳಿದರು, ‘ಟೀಚರ್ ಇವರೇ. ಗುಡ್ ಆಫ್ಟರ್‌ನೂನ್ ಹೇಳು.’

ಕೆನ್ ಬಕೆಟ್ಟು ಕೆಳಗಿಟ್ಟು, ಟವೆಲ್ಲು ಸರಿಮಾಡಿಕೊಂಡು, ನೆಟ್ಟಗೆ ನಿಂತು ನನಗೆ ಗುಡ್ ಆಫ್ಟರ್‌ನೂನ್ ಹೇಳಿದ.